ಅಡುಗೆಮನೆ ಗೋಡೆಯ ಕಪ್ಪು ನೆರಳುಗಳು

ಖಾನಾಪುರದ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಸೌಟು, ತೂತಿನ ಝಾರಿ, ಚಿಮಟಗಳ ಆಕಾರಗಳನ್ನು ಕಪ್ಪು ಬಣ್ಣದಲ್ಲಿ ಬರೆದಿದೆ. ಪ್ರತಿ ಆಕಾರದ ಮೇಲೊಂದು ಮೊಳೆ. ಬರೆದವರು ಅಪ್ಪ. ಅವರು ವಾಯುಸೇನೆಯಲ್ಲಿ ವಿಮಾನ ರಿಪೇರಿ ಮಾಡುವವರಾಗಿದ್ದರು, ಕೊನೆಗೆ ಬೆಳಗಾವಿ ಹತ್ತಿರದ ಸಾಂಬ್ರಾದ ತರಬೇತಿ ಶಾಲೆಯಲ್ಲಿ ಹೊಸಬರಿಗೆ ಅದನ್ನೇ ಕಲಿಸಿದರು. ಅಲ್ಲಿ ಬೋಲ್ಟು ಬಿಗಿಯುವ ಪಾನಾಗಳನ್ನು ಹೀಗೇ ಹಲಗೆಯ ಮೇಲೆ ತೂಗುಹಾಕುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಒಂದು ಆಕಾರ ಖಾಲಿ ಕಂಡರೂ ಆ ಪಾನಾ ಎಂಜಿನ್ನಿನೊಳಗೆ ಉಳಿದಿರಬಹುದು. ಸಿಗುವವರೆಗೆ ವಿಮಾನ ಏಳುವಂತಿಲ್ಲ.

ಊರವರು ನೀವು ವಿಮಾನ ಹೊಡೀತಿದ್ರೇನ್ರೀ ಎಂದು ಕೇಳಿದಾಗ ಅಪ್ಪ ಹಿಟ್ಟು ನಾದುವ ಪರಾತದಲ್ಲಿ ಪುಟ್ಟ ವಾಟಿ ಬಟ್ಟಲುಗಳನ್ನಿಟ್ಟು ವಿವರಿಸುತ್ತಿದ್ದರು. ಇಷ್ಟು ವಾಟಿ ಕೂಡಿದರೆ ಒಂದು ಸ್ಕ್ವಾಡ್ರನ್, ಅವು ಕೂಡಿದರೆ ವಿಂಗ್, ಇಡೀ ಪರಾತ ಕಮಾಂಡ್. ಹಾರುವವರು ಕೆಲವರೇ, ಹಾರಿಸುವವರೆಲ್ಲ ನೆಲದ ಮೇಲೇ ಇರುತ್ತಾರೆ ಎನ್ನುತ್ತಿದ್ದರು. ಹೀಗೆಂದು ನನ್ನ ನೆನಪು. ಕಾಲೇಜಿನಲ್ಲಿ ಓದಿದ್ದನ್ನು ಅಪ್ಪನ ಬಾಯಲ್ಲಿ ಇಡುತ್ತಿದ್ದೇನೋ ಎಂಬ ಅನುಮಾನವೂ ಇದೆ. ಪಂಖದ ವಿಮಾನಗಳು ಹೋಗಿ ಜೆಟ್ ಬಂದಾಗ ಪಾನಾಗಳೂ ಬದಲಾಗಿ ಹಲಗೆಯನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು ಎಂದದ್ದು ಮಾತ್ರ ಅವರೇ. ಯಾಕೆಂದರೆ ಅವ್ವ ಹಿತ್ತಾಳೆ ಬಿಟ್ಟು ಸ್ಟೀಲಿನ ಸೌಟು ತಂದ ದಿನ ಅಪ್ಪ ಹಾಗೆಂದು ನಗುತ್ತ ಮತ್ತೆ ಬ್ರಷ್ ಹಿಡಿದಿದ್ದರು. ಹಳೆಯ ಆಕಾರಗಳು ಸುಣ್ಣದಡಿ ಇನ್ನೂ ಮಸುಕಾಗಿ ಕಾಣುತ್ತವೆ.

ತಮ್ಮನ ಮೊದಲ ಕೂದಲು ತೆಗೆಸಿದ ಜಾವಳದ ದಿನ ಹುಗ್ಗಿಯ ಸೌಟು ಕಾಣೆಯಾಯಿತು. ಲೋಂಡಾದಿಂದ ಬಂದ ನೆಂಟರು ರೈಲಿಗೆ ಹೊರಟು ನಿಂತಿದ್ದರು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಾರೂ ಕುಂದರ್ರಿ. ಒಂದು ಸೌಟ ಸಿಕ್ಕಿಲ್ಲ."

"ನಮ್ಮ ಹೊಟ್ಟಿ ಬಿಚ್ಚಿ ನೋಡ್ತೀರೇನ್ರೀ ಭಾವಾ?" ಎಂದ ಸೋದರಮಾವ. ರೈಲು ತಪ್ಪಿತು. ಸೌಟು ಹುಗ್ಗಿಯ ಪಾತೇಲಿಯ ತಳದಲ್ಲಿ ಸಿಕ್ಕಿತೆಂದು ನಾನು ನಂಬಿದ್ದೇನೆ. ಅವ್ವನ ಪ್ರಕಾರ ಅದು ಅಪ್ಪನ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಎಲ್ಲರನ್ನೂ ಗದರಿಸಿದರಂತೆ. ಅಪ್ಪ ಈಗ ಇಲ್ಲ, ಕೇಳುವುದು ಯಾರನ್ನು?

ಈ ವರ್ಷ ನನ್ನ ಮಗಳು ವಾಯುಸೇನೆಗೆ ಆಯ್ಕೆಯಾದಳು. ತರಬೇತಿ ಅದೇ ಸಾಂಬ್ರಾದಲ್ಲಿ. ಅಜ್ಜನ ಕಾಲದಲ್ಲಿ ಅಲ್ಲಿ ಹುಡುಗಿಯರು ಇರಲಿಲ್ಲ. ನಾನು ಹಿಗ್ಗಿದೆ, ಅವ್ವ ಮಾತು ಬಿಟ್ಟಳು. ನಾನು ಹುಟ್ಟಿದಾಗ ಅಪ್ಪ ದೂರದ ಯಾವುದೋ ಗಡಿಯಲ್ಲಿದ್ದರು; ಬದಲಿಯಾದಾಗಲೆಲ್ಲ ಟ್ರಂಕು ಕಟ್ಟಿದವಳು ಅವಳು. ಒಂದು ದಿನ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಒಬ್ಬರ ದಾರಿ ಕಾದು ಸಾಕಾಗೇತಿ ನನಗ. ಮತ್ತೊಬ್ಬರದು ಆಗೂದಿಲ್ಲ." ಅಜ್ಜಿಯನ್ನು ಆಯಿ ಎನ್ನುವ ಮಗಳೂ, ಆಯಿ ಹೂಂ ಅನ್ನದೆ ಹೋಗುವುದಿಲ್ಲ ಎಂದು ಹಟ ಹಿಡಿದಳು.

ಹೊರಡುವ ಬೆಳಿಗ್ಗೆ ಬೆಳಗಾವಿಗೆ ಹೋಗುವ ಕಾರು ಬಾಗಿಲಲ್ಲಿ ನಿಂತಿತ್ತು. ಅವ್ವ ಇನ್ನೂ ಹೂಂ ಅಂದಿರಲಿಲ್ಲ. ಅಡುಗೆಮನೆಯಿಂದ ಅವಳ ದನಿ ಬಂತು.

"ಒಂದು ಸೌಟ ಇಲ್ಲ."

ನಾನು ಮೊದಲು ನೋಡಿದ್ದು ಅವಳ ಕೈಯನ್ನು. ಖಾಲಿ. ಒಲೆಯ ಹಿಂದೆ, ಮೋರಿಯ ಹತ್ತಿರ, ಅಕ್ಕಿ ಡಬ್ಬಿಯೊಳಗೆ ಹುಡುಕಿದೆ. ಡ್ರೈವರ್ ಹಾರ್ನ್ ಹೊಡೆದ. ಮಗಳು ಮಾತ್ರ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಹೊಸ್ತಿಲಲ್ಲಿ ಕುಳಿತಳು. "ಸಿಗಲಿ ಆಯಿ. ಸಿಕ್ಕ ಮ್ಯಾಲೇ ಹೋಗ್ತೀನಿ," ಎಂದಳು.

ಅವ್ವ ಅವಳನ್ನೂ ಆ ಚೀಲವನ್ನೂ ನೋಡಿದಳು. ಆಮೇಲೆ ತನ್ನ ಖೋಲಿಗೆ ಹೋಗಿ ಸೌಟು ಹಿಡಿದುಕೊಂಡು ಬಂದಳು. ಮೊಳೆಗೆ ಸಿಕ್ಕಿಸಿ, ಕಪ್ಪು ಆಕಾರದ ಮೇಲೆ ಸರಿಯಾಗಿ ಕೂರುವಂತೆ ಬೆರಳಿನಿಂದ ಜರುಗಿಸಿದಳು.

"ಎಲ್ಲಾ ಬರೋಬ್ಬರಿ ಐತಿ," ಎಂದಳು. "ಹೋಗಿ ಬಾ ತಂಗಿ."

ಸೌಟು ಖೋಲಿಗೆ ಹೇಗೆ ಹೋಯಿತೆಂದು ನಾನು ಕೇಳಲಿಲ್ಲ.