ಕೂಗದೆ ಬಿಡಿಸಿದ ಫೈಲು

ಅವತ್ತು ನಾನು ಮೆಟ್ಟಿಲ ಬುಡದಲ್ಲಿ ನಿಂತು ಅಕ್ಕನನ್ನು ಕೂಗಬೇಕಾಗಿತ್ತು. ಕೂಗಲಿಲ್ಲ. ಆಮೇಲೆ ಹಾಗಂತ ಹೇಳಲೂ ಇಲ್ಲ. ಈ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿನಲ್ಲಿ ‘ಫೈಲನ್ನು ಬೇರೊಬ್ಬರು ಬಳಸುತ್ತಿದ್ದಾರೆ’ ಎಂಬ ಸಾಲು ಮತ್ತೆ ಮೂಡಿತು. ಈಗ ಮೇಲೆ ಕೂರುವವರನ್ನು ಕೂಗಲಾಗದೆ, ಮೆಟ್ಟಿಲು ಹತ್ತಿ ಹೋಗಿ ಹೇಳಿ ಬಂದೆ.

ದುರ್ಗದಬೈಲಿನಲ್ಲಿ ನಾನು ದುಡಿಯುವ ಸೀರೆ ಅಂಗಡಿಯನ್ನು ನೀವು ನೋಡಿರಬಹುದು. ಕೆಳಗೆ ಬಿಲ್ಲು, ಮೇಲೆ ಗೋದಾಮು. ಸರಕಿನ ವಿವರವೆಲ್ಲ ಕೆಳಗಿನ ಕಂಪ್ಯೂಟರಿನ ಒಂದೇ ಫೈಲಿನಲ್ಲಿ. ಗೋದಾಮು ನೋಡಿಕೊಳ್ಳುತ್ತಿದ್ದವಳನ್ನು ನಾನು ಅಕ್ಕ ಅನ್ನುತ್ತಿದ್ದೆ; ಅವಳೂ ಮೇಲಿನ ಕಂಪ್ಯೂಟರಿನಿಂದ ಅದರಲ್ಲೇ ಬರೆಯುತ್ತಿದ್ದಳು. ಯಾವುದಾದರೂ ಕಂಪ್ಯೂಟರು ನಡುವೆ ಕೈಕೊಟ್ಟರೆ ಅದು ಫೈಲನ್ನು ಹಿಡಿದುಕೊಂಡೇ ಉಳಿಯುತ್ತದೆ, ಬಿಲ್ಲು ನಿಲ್ಲುತ್ತದೆ. ಆ ಹಿಡಿತ ಬಿಡಿಸುವುದು, ಎಂಟನೆಯದಕ್ಕೇ ಸಾಲೆ ಬಿಟ್ಟ ನನಗೆ ಬರುತ್ತಿದ್ದ ಒಂದೇ ವಿದ್ಯೆ. ಅದಕ್ಕೊಂದು ನೇಮವಿತ್ತು. ಮೊದಲು “ಅಕ್ಕಾ, ಹೊರಗ ಬಾ” ಎಂದು ಕೂಗಬೇಕು. ಅವಳು ಫೈಲು ಮುಚ್ಚಿ “ಬಂದೆ” ಅಂದ ಮೇಲೆಯೇ ಬಿಡಿಸಬೇಕು.

ಅವತ್ತು ಕೌಂಟರಿನ ಮುಂದೆ ಮದುವೆ ಜವಳಿಯವರ ಗುಂಪು, ಅದೇ ಹೊತ್ತಿಗೆ ಫೈಲು ಸಿಕ್ಕಿಕೊಂಡು ಬಿಲ್ಲು ನಿಂತಿತು. “ಏನ್ರೀ ಎಂಜಿನೀಯರ್ ಸಾಹೇಬ್ರ, ಮದಿವಿ ಮುಗದ ಮ್ಯಾಲ ಬಿಲ್ ಕೊಡ್ತೀರೇನು?” ಎಂದು ಒಬ್ಬಾಕೆ ಅಂದಳು. ಎಲ್ಲರೂ ನಕ್ಕರು. ಸಾಹೇಬ ಎಂದದ್ದಕ್ಕೆ ಉಬ್ಬಿದೆನೋ, ನಕ್ಕದ್ದಕ್ಕೆ ಕುಗ್ಗಿದೆನೋ, ಕೂಗದೆಯೇ ಎಲ್ಲರ ಹಿಡಿತವನ್ನೂ ಬಿಡಿಸಿಬಿಟ್ಟೆ. ಮೇಲೆ ಅಕ್ಕ ಬರೆಯುತ್ತಲೇ ಇದ್ದಳು. ಫೈಲು ಕೆಟ್ಟಿತು. ಮದುವೆಯ ಹಂಗಾಮಿಗೆಂದು ಅವಳು ಏರಿಸಿದ್ದ ಸರಕಿನ ವಿವರವೆಲ್ಲ ಹೋಯಿತು.

ಅಂಗಡಿಯ ಸಾವಕಾರರು ದಡದಡನೆ ಮೆಟ್ಟಿಲು ಹತ್ತಿದರು, ಹಿಂದೆ ನಾನು. ನಾನು ಕೂಗಿರಲಿಕ್ಕಿಲ್ಲ ಎಂದು ಅವರಿಗೆ ಹೊಳೆಯಲೇ ಇಲ್ಲ.

“ಇಂವಾ ಕೂಗಿದಾಗ ಹೊರಗ ಬರಾಕ ಏನಾಗಿತ್ತವಾ ನಿನಗ?”

“ಕೂಗಿದ್ದು ಕೇಳಲಿಲ್ರಿ,” ಎಂದು ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ಕಿವಿ ಮಂದ ಆದಾಕಿನ್ನ ಇಟಗೊಂಡು ನಾ ಅಂಗಡಿ ಹ್ಯಾಂಗ ನಡಸ್ಲಿ?” ಅಂದರು ಸಾವಕಾರರು.

ಅವಳ ಕೆಲಸ ಹೋಯಿತು, ನನ್ನದು ಉಳಿಯಿತು. ಅಷ್ಟೇ ಆಗಿದ್ದರೆ ಹೇಗೋ ಮರೆತುಬಿಡುತ್ತಿದ್ದೆನೇನೋ. ಆದರೆ ಅಕ್ಕ ನನ್ನನ್ನು ಬಿಟ್ಟು ತನ್ನ ಕಿವಿಯನ್ನು ಅನುಮಾನಿಸಿದಳು. ಡಾಕ್ಟರು ಏನೂ ಆಗಿಲ್ಲ ಅಂದರೂ ನಂಬಲಿಲ್ಲ. ಬೇರೆ ಅಂಗಡಿಯವರು ಕರೆದಾಗ “ನನಗ ಸರಿ ಕೇಳಂಗಿಲ್ರಿ” ಎಂದು ತಾನೇ ಹಿಂದೆ ಸರಿದಳು. ಈಗ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಯಾರು ಮಾತಾಡಿದರೂ ಅವರ ತುಟಿಯನ್ನೇ ನೋಡುತ್ತಾಳೆ.

ಇವತ್ತು ಮಧ್ಯಾಹ್ನ ಅಲ್ಲಿಗೆ ಹೋದೆ. “ಅಕ್ಕಾ, ಅವತ್ತ…” ಎಂದು ಮೆಲ್ಲಗೆ ಅಂದೆ.

“ಏನಂದಿ? ಜೋರ್ ಹೇಳಪಾ, ನನ್ನ ಕಿವಿ ನಿನಗ ಗೊತ್ತದಲ್ಲ,” ಅಂದಳು.

ಜೋರಾಗಿಯೇ ಹೇಳಿದೆ. ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಅಕ್ಕಾ, ನಿನ್ನ ಕಿವಿ ಛಲೋ ಅದಾವ. ಅವತ್ತ ನಾ ಕೂಗೇ ಇರಲಿಲ್ಲ. ತಪ್ಪಾತಕ್ಕಾ.”