ಹೊರಟೆ ಅಮ್ಮ

ದೆವ್ವ, ಗಾಳಿ, ಸತ್ತವರು ಬಂದು ಮಾತಾಡಿದರು ಎಂಬುದನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹಾಗೆ ಹೇಳಿದರೆ ಸುಮ್ಮನಿರುವ ಬಾಯಿಯೂ ನನ್ನದಲ್ಲ, ಮುಖದ ಮೇಲೇ ಅಂದುಬಿಡುತ್ತಿದ್ದೆ. ಈಗ ಹೇಳುವುದೆಲ್ಲ ಆ ಬಾಯಿಯಿಂದಲೇ ಶುರುವಾಗಿದ್ದು.

ಜೆ.ಪಿ. ನಗರದ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಕಾಫಿ, ಟೀ ಮಾಡಿಕೊಡುವುದು, ಲೋಟ ತೊಳೆಯುವುದು ನನ್ನ ಕೆಲಸ. ಅಲ್ಲಿ ರಮ್ಯಾ ಎಂಬ ಹುಡುಗಿ ಇದ್ದಳು. ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ ಕೇಳುವವಳು. ಡೆಂಗಿ ಜ್ವರ ಬಂದು ವಾರದೊಳಗೆ ಹೋಗಿಬಿಟ್ಟಳು. ಅವಳ ಮೇಜಿನ ಮೇಲಿದ್ದುದನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ, ನಾನು ಕಾಫಿ ಮಾಡುವ ಕೋಣೆಯ ಮೂಲೆಯಲ್ಲಿಟ್ಟರು.

ನಮ್ಮ ಆಫೀಸಿನ ಬಾಗಿಲು ಕಾರ್ಡ್ ಮುಟ್ಟಿಸಿದರೇ ತೆರೆಯುವುದು, ಒಳಗೆ ಹೋಗಲೂ ಹೊರಗೆ ಬರಲೂ. ಅದೇ ಹೊತ್ತಿಗೆ ನನ್ನ ಕಾರ್ಡ್ ಮುರಿಯಿತು. ಸೆಕ್ಯೂರಿಟಿಯವನು, "ಹೊಸದು ಬರೋ ತನಕ ಆ ಬಾಕ್ಸಲ್ಲಿರೋದನ್ನ ಇಟ್ಕೊಳಿ ಅಜ್ಜಿ, ಅದಿನ್ನೂ ವರ್ಕ್ ಆಗ್ತೈತೆ" ಅಂದ. ರಮ್ಯಾಳದೆಂದು ಗೊತ್ತಿತ್ತು. ಸತ್ತವಳ ಸೀರೆ ಉಡಬಾರದು, ಪ್ಲಾಸ್ಟಿಕ್ಕಿಗೇನು ಎಂದುಕೊಂಡು, ಫೋಟೋ ಒಳಗಾಗುವಂತೆ ತಿರುಗಿಸಿ ಕೊರಳಿಗೆ ಹಾಕಿಕೊಂಡೆ. ಹೊಸದು ಬರಲಿಲ್ಲ. ನಾನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಆ ಡಬ್ಬ ತೆಗೆದುಕೊಂಡು ಹೋಗಲು ರಮ್ಯಾಳ ತಾಯಿ ಲಲಿತಮ್ಮ ಉತ್ತರಹಳ್ಳಿಯಿಂದ ಬಂದರು. ಕೂರಿಸಿ ಕಾಫಿ ಕೊಟ್ಟೆ. ಅವರು ತಗ್ಗಿದ ದನಿಯಲ್ಲಿ, "ಅಕ್ಕ, ಇವಳ ಮೆಸೇಜು ಇನ್ನೂ ಬರುತ್ತೆ" ಎಂದರು. "ಸಂಜೆ ಆಫೀಸ್ ಬಿಟ್ಟ ತಕ್ಷಣ ‘ಹೊರಟೆ ಅಮ್ಮ’ ಅಂತ ಬರ್ತಿತ್ತು. ಈಗಲೂ ಅದೇ. ಅದು ಬಂದ ಮೇಲೇ ಅನ್ನಕ್ಕಿಡ್ತೀನಿ. ಶನಿವಾರ, ಭಾನುವಾರ ಬರಲ್ಲ. ಅವಳಿಗೆ ರಜಾ ಅಲ್ವಾ."

"ಸತ್ತೋರು ಮೆಸೇಜ್ ಕಳಿಸ್ತಾರೇನಮ್ಮ?" ಅಂದೆ. "ಸುಮ್ನೆ ತಲೆ ಕೆಡಿಸ್ಕೊಂಡಿದ್ದೀರ. ಒಳ್ಳೇ ಡಾಕ್ಟರಿಗೆ ತೋರಿಸಿ."

ನೀರು ಹಿಡಿದುಕೊಳ್ಳಲು ಬಂದಿದ್ದ ಇಬ್ಬರು ಪಕ್ಕನೆ ನಕ್ಕರು. ನಗಿಸಿದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಲಲಿತಮ್ಮ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಡಬ್ಬ ಎತ್ತಿಕೊಂಡು ಹೋದರು. ಅಷ್ಟು ಹೊತ್ತೂ ಅವರ ಮಗಳ ಕಾರ್ಡ್ ನನ್ನ ಸೆರಗಿನ ಕೆಳಗಿತ್ತು.

ಇದಾಗಿ ಕೆಲವು ದಿನಕ್ಕೆ ಆಫೀಸಿಗೆ ಒಂದು ಹೊಸ ವ್ಯವಸ್ಥೆ ಬಂತು. ಅದನ್ನು ನೋಡಿಕೊಳ್ಳುವ ಶ್ವೇತಾ ಟೀ ಕುಡಿಯುತ್ತಾ ನನಗೆ ತಿಳಿಯುವ ಹಾಗೆ ಹೇಳಿದಳು. ಇವರ ಕೆಲಸವೆಲ್ಲ ನಡೆಯುವುದು ಎಲ್ಲೋ ಇರುವ ಬಾಡಿಗೆ ಕಂಪ್ಯೂಟರುಗಳಲ್ಲಂತೆ, ಅದಕ್ಕೆ ಕ್ಲೌಡ್ ಅನ್ನುತ್ತಾರೆ. ಇಂಥದ್ದಾದರೆ ಇಂಥದ್ದು ಮಾಡು, ಆಮೇಲೆ ಇನ್ನೊಂದು ಮಾಡು ಎಂದು ಒಮ್ಮೆ ಕಟ್ಟಿಟ್ಟರೆ ಸಾಕು, ಯಾರೂ ಮುಟ್ಟದೆ ನಡೆಯುತ್ತಲೇ ಇರುತ್ತದೆ. ಅದು ವರ್ಕ್‌ಫ್ಲೋ. ಯಾರು ಏನೇನು ಕಟ್ಟಿದ್ದಾರೆಂದು ಅವರವರೇ ಬರೆದಿಡಬೇಕಿತ್ತು, ಅರ್ಧ ಜನ ಬರೆಯುತ್ತಿರಲಿಲ್ಲ. ಈ ಹೊಸದು ತಾನೇ ಮೂಲೆ ಮೂಲೆ ಹುಡುಕಿ, ಹೆಸರೇನು, ಯಾತಕ್ಕೆ ಸೇರಿದ್ದು, ಯಾರದ್ದು ಎಂದು ಒಂದೇ ಕಡೆ ದಾಖಲು ಮಾಡುತ್ತದೆ.

"ಮದುವೆ ಮನೇಲಿ ಯಾರ ಪೈಕಿ ಅಂತ ಕೇಳ್ತಾರಲ್ಲ ಅಜ್ಜಿ, ಹಂಗೆ" ಅಂದಳು. "ಯಾರ ಪೈಕಿನೂ ಅಲ್ಲ ಅಂದ್ರೆ ಪಂಕ್ತಿಯಿಂದ ಎಬ್ಬಿಸಿಬಿಡೋದು."

ಮಾರನೆಯ ದಿನ ಅವಳೇ ಸೆಕ್ಯೂರಿಟಿಯವನನ್ನು ವಿಚಾರಿಸಿಕೊಂಡು ಬಂದು, "ನಿಮ್ಮ ಕಾರ್ಡ್ ಕೊಡಿ" ಎಂದು ಕೇಳಿದಳು. ತಿರುಗಿಸಿ ರಮ್ಯಾಳ ಫೋಟೋ ನೋಡಿದಳು. ಹುಡುಕಾಟದಲ್ಲಿ ಯಾರೂ ಬರೆದಿಡದ ಒಂದು ಚಿಕ್ಕ ವರ್ಕ್‌ಫ್ಲೋ ಸಿಕ್ಕಿತ್ತಂತೆ. ಸಂಜೆ ಆರರ ಮೇಲೆ ತನ್ನ ಕಾರ್ಡ್ ಬಾಗಿಲಿಗೆ ಮುಟ್ಟಿದರೆ ಅಮ್ಮನ ಫೋನಿಗೆ ಮೆಸೇಜ್ ಹೋಗುವ ಹಾಗೆ ರಮ್ಯಾ ಕಟ್ಟಿಟ್ಟಿದ್ದಳು.

"ಆಫೀಸ್ ಖರ್ಚಲ್ಲಿ ಅಮ್ಮಂಗೆ ಮೆಸೇಜು. ಕಳ್ಳಿ" ಎಂದಳು ಶ್ವೇತಾ, ಕಣ್ಣೊರೆಸಿಕೊಳ್ಳುತ್ತಾ. "ದಿನಾ ಸಂಜೆ ಆಂಟಿಗೆ ಅದನ್ನ ಕಳಿಸ್ತಾ ಇದ್ದಿದ್ದು ನೀವು ಅಜ್ಜಿ. ಈಗ ಏನ್ಮಾಡ್ಲಿ? ಬಿಟ್ರೆ ಬೈತಾರೆ. ತೆಗೆಯೋಕೆ ಕೈ ಬರ್ತಿಲ್ಲ."

"ತೆಗಿ. ಸುಳ್ಳು ಅದು" ಅಂದೆ.

ನನ್ನೆದುರಿಗೇ ಅಳಿಸಿದಳು. ಮತ್ತೆ ಹುಡುಕಿಸಿದಳು, ಇರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯಲ್ಲೇ ನಾನು ಕಾರ್ಡನ್ನು ತುಂಡು ಮಾಡಿದೆ. ಲಲಿತಮ್ಮನಿಗೆ ತಲೆ ಕೆಟ್ಟಿರಲಿಲ್ಲ, ಇದ್ದುದನ್ನೇ ಹೇಳಿದ್ದರು. ಜನರೆದುರು ಆ ಹೆಂಗಸನ್ನು ಹುಚ್ಚಿ ಮಾಡಿದವಳು ನಾನು.

ಶನಿವಾರ ಬನಶಂಕರಿಯಲ್ಲಿ ಬಸ್ಸು ಹತ್ತಿ ಉತ್ತರಹಳ್ಳಿಗೆ ಹೋದೆ. ಬಿಸಿಲಿನ್ನೂ ಇತ್ತು. ಲಲಿತಮ್ಮ ಒಬ್ಬರೇ ಇದ್ದರು. ಅಡುಗೆಮನೆಯಲ್ಲೇ ಕೂತು, ಕಾರ್ಡಿನಿಂದ ಹಿಡಿದು ಎಲ್ಲ ಹೇಳಿದೆ. ಇನ್ನು ಮೆಸೇಜ್ ಬರುವುದಿಲ್ಲ ಎಂದೂ ಹೇಳಿದೆ. ತಪ್ಪಾಯಿತು ಎಂಬ ಮಾತು ಮಾತ್ರ ನಾಲಿಗೆಯ ತುದಿಯಲ್ಲೇ ನಿಂತಿತು.

ಅವರು ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಹಂಗಾದ್ರೆ ದಿನಾ ಹೊರಡ್ತಿದ್ದೋರು ನೀವು" ಅಂದರು. ಒಂದು ಕಲ್ಲು ಹೆಕ್ಕಿ ಎಸೆದು, "ಹೋಗ್ಲಿ ಬಿಡಿ. ಮನೆಗೆ ಸರಿಯಾಗಿ ಸೇರ್ತಿದ್ರಲ್ಲ" ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಎದ್ದು ಅಕ್ಕಿಗೆ ನೀರು ಹಾಕಿದರು. ಆಗ ಕಟ್ಟೆಯ ಮೇಲಿದ್ದ ಅವರ ಫೋನು ಗುರ್ ಎಂದಿತು. "ಕೈ ಒದ್ದೆ, ಕನ್ನಡಕಾನೂ ಒಳಗಿದೆ. ಯಾರದ್ದು ನೋಡಿ ಅಕ್ಕ" ಅಂದರು.

ನಾನು ಮೂರನೇ ಕ್ಲಾಸಿಗೇ ಬಿಟ್ಟವಳು. ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಮೇಲೆ ಸಾಲಾಗಿ ‘ಹೊರಟೆ ಅಮ್ಮ’, ‘ಹೊರಟೆ ಅಮ್ಮ’ ಎಂದಿತ್ತು. ಎಲ್ಲದರ ಕೆಳಗೆ ಹೊಸದೊಂದು. ಮೊದಲು ಬ, ಪಕ್ಕದಲ್ಲಿ ಸೊನ್ನೆ, ಆಮೇಲೆ ದೆ. ‘ಬಂದೆ ಅಮ್ಮ.’

ಇನ್ನೊಮ್ಮೆ ಕೂಡಿಸಿದೆ. ಅದೇ ಇತ್ತು.

"ಯಾರದ್ದಕ್ಕ?"

ಈಗಷ್ಟೇ ಎಲ್ಲ ಮುಗಿಯಿತು ಎಂದವಳು ನಾನು. ಇನ್ನೊಂದು ಸಲ ಸುಳ್ಳಿಯಾಗಲು ಧೈರ್ಯ ಬರಲಿಲ್ಲ. "ಗ್ಯಾಸಿನವರದ್ದು" ಅಂದೆ. ಅವರು "ಓ" ಅಂದು ಅಕ್ಕಿ ತೊಳೆದರು. ಫೋನನ್ನು ಬೋರಲು ಹಾಕಿ, ಕಾಫಿಗೂ ನಿಲ್ಲದೆ ಹೊರಟುಬಿಟ್ಟೆ.

ಸೋಮವಾರ ಶ್ವೇತಾಳಿಗೆ ಮತ್ತೆ ಹುಡುಕಿಸಲು ಹೇಳಿದೆ, ಕಾರಣ ಹೇಳಲಿಲ್ಲ. "ಏನೂ ಇಲ್ಲ ಅಜ್ಜಿ, ಕ್ಲೀನಾಗಿದೆ" ಅಂದಳು. ರಮ್ಯಾ ಇನ್ನೊಂದನ್ನೂ ಕಟ್ಟಿಟ್ಟಿದ್ದಳೇ ಎಂದರೆ, ಮನೆಯೊಳಕ್ಕೇ ಬಂದವಳು ಅಮ್ಮನಿಗೆ ಬಂದೆ ಎಂದು ಯಾಕೆ ಮೆಸೇಜ್ ಮಾಡುತ್ತಾಳೆ? ಅದೂ ಶನಿವಾರ, ರಜೆಯ ದಿನ. ನಾನೇ ತಪ್ಪು ಓದಿದೆನೋ ಎಂದೂ ಯೋಚಿಸಿದ್ದೇನೆ. ಹೊರಟೆ ಎಂಬುದರಲ್ಲಿ ಸೊನ್ನೆ ಎಲ್ಲಿದೆ? ಇನ್ನು, ನಾವು ಕೂಗಿದಾಗ ಇನ್ನೂ ಬೀದಿಯಲ್ಲಿರುವವರೂ ಬಂದೆ, ಬಂದೆ ಅನ್ನುತ್ತಾರೆ. ಅದು ಬಂದಾಗಿತ್ತೋ, ಬರುವುದಿತ್ತೋ, ಅದೂ ನನಗೆ ತಿಳಿಯಲಿಲ್ಲ.

ಕನ್ನಡಕ ಹಾಕಿಕೊಂಡು ಲಲಿತಮ್ಮನೇ ಆಮೇಲೆ ಓದಿಕೊಂಡರೋ ಇಲ್ಲವೋ ಗೊತ್ತಿಲ್ಲ. ಓದಿದ್ದರೆ, ನಾನು ಏನನ್ನು ಗ್ಯಾಸಿನವರದ್ದು ಅಂದೆ ಎಂಬುದು ಅವರಿಗೆ ತಿಳಿದಿರುತ್ತದೆ. ಹೋಗಿ ಕೇಳೋಣವೆಂದು ಬನಶಂಕರಿ ಬಸ್ ಸ್ಟ್ಯಾಂಡಿನ ತನಕ ಹೋಗುತ್ತೇನೆ. ಉತ್ತರಹಳ್ಳಿ ಬಸ್ಸು ಬಂದು ನಿಲ್ಲುತ್ತದೆ, ಜನ ಹತ್ತುತ್ತಾರೆ, ಹೊರಡುತ್ತದೆ. ನಾನು ಹತ್ತುವುದಿಲ್ಲ.