ಅಮ್ಮನಿಗಾಗಿ ಹಾಕಿಸುತ್ತಿದ್ದ ಟೈರು

ಆಫೀಸಿನಲ್ಲಿ ಅವಳಿಗೆ ‘ಅರ್ಧದಿನ ಮೇಡಂ’ ಎಂದು ಹೆಸರು ಬಿದ್ದಿತ್ತು. ವಾರಕ್ಕೆ ಮೂರು ದಿನ ಮಧ್ಯಾಹ್ನ ರಜೆ ಹಾಕಿ, ಟೈಪ್ ಮಾಡುತ್ತಿದ್ದ ಕಾಗದವನ್ನು ಅಲ್ಲಿಗೇ ಬಿಟ್ಟು, ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಓಡುತ್ತಿದ್ದಳು. ಆರು ವರ್ಷ ಇದೇ ಪಾಡು. ಅಮ್ಮ ತೀರಿಕೊಂಡು ಈಗ ಎರಡು ತಿಂಗಳು. ಸಂಜೆ ಐದರವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ, ಆದರೂ ಹೆಸರು ಹಾಗೇ ಅಂಟಿಕೊಂಡಿದೆ.

ಕಾರಿನ ಟೈರು ನಾಲ್ಕೂ ಸವೆದು ಬೋಳಾಗಿದ್ದವು. ಅವಳ ತಮ್ಮ ಫೋನಿನಲ್ಲೇ ತೀರ್ಪು ಕೊಟ್ಟ.

“ಅಕ್ಕ, ಮನೆಯಿಂದ ಆಫೀಸಿಗೆ ಎರಡು ಕಿಲೋಮೀಟರು. ಅದಕ್ಕೆ ಆ ರಾಜವೈಭೋಗದ ಟೈರು ಯಾಕೆ? ಯಾವುದೋ ಒಂದು ಅಗ್ಗದ್ದು ಹಾಕಿಸು, ಸಾಕು.”

ಆರು ವರ್ಷದಲ್ಲಿ ಒಂದು ದಿನವೂ ಆ ಕಾರಿನಲ್ಲಿ ಕೂತವನಲ್ಲ ಈ ಮಹಾರಾಯ. ಸಲಹೆಗೆ ಮಾತ್ರ ಯಾವತ್ತೂ ಕೊರತೆ ಮಾಡಿರಲಿಲ್ಲ. ಆದರೂ ಈ ಸಲ ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದುಕೊಂಡು ಶನಿವಾರ ಬೆಳಿಗ್ಗೆ ಅಂಗಡಿಗೆ ಹೋದಳು.

ಟೈರಿನ ಅಂಗಡಿಯವನು ಹಳೇ ಪರಿಚಯ. ಮೊದಲ ಸಲ ಬಂದಾಗ ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ ಅಮ್ಮನನ್ನು ನೋಡಿ, ಮೆತ್ತಗೆ ಓಡುವ, ಸದ್ದು ಮಾಡದ ದುಬಾರಿ ಟೈರುಗಳನ್ನು ಅವನೇ ಆರಿಸಿದ್ದ.

“ಬನ್ನಿ ಮೇಡಂ. ಅದೇ ಟೈರು ತಾನೇ?”

“ಇಲ್ಲಣ್ಣ. ಈ ಸಲ ಅಗ್ಗದ್ದು ಸಾಕು.”

ಅವನು ಹುಬ್ಬು ಗಂಟಿಕ್ಕಿದ. “ಅದು ಕಲ್ಲಿನ ಹಾಗೆ ಗಟ್ಟಿ. ಒಂದೊಂದು ಗುಂಡಿಗೂ ಅಮ್ಮನ ಸೊಂಟ ಹಿಡ್ಕೊಳ್ಳುತ್ತೆ. ನಾನಂತೂ ಹಾಕಲ್ಲ. ಬೇಕಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ.”

ಅದೇ ಬೀದಿಯಲ್ಲಿ ಇನ್ನೆರಡು ಅಂಗಡಿಗಳಿದ್ದವು. ಅಲ್ಲಿ ಯಾರೂ ಅಮ್ಮನ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಅವಳ ಕಾಲು ಕದಲಲಿಲ್ಲ. ಸಾವಿನ ಸುದ್ದಿಯನ್ನು ನೆಂಟರಿಗೆಲ್ಲ ಮುಟ್ಟಿಸಿದ್ದು ತಮ್ಮ, ಆಫೀಸಿಗೆ ತಿಳಿಸಿದ್ದು ಪಕ್ಕದ ಮನೆಯವರು. ಅವಳು ಆ ಮಾತನ್ನು ತನ್ನ ಬಾಯಿಂದ ಇನ್ನೂ ಆಡಿಯೇ ಇರಲಿಲ್ಲ.

“ಅಮ್ಮ ಇಲ್ಲಣ್ಣ,” ಎಂದಳು. “ಎರಡು ತಿಂಗಳಾಯ್ತು.”

ಅವನು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟ. “ಛೇ, ಗೊತ್ತಾಗ್ಲಿಲ್ಲ ನೋಡಿ,” ಎನ್ನುತ್ತ ಶುದ್ಧವಾಗಿದ್ದ ಕೈಯನ್ನೇ ಬಟ್ಟೆಗೆ ಒರೆಸಿಕೊಂಡ. ಆಮೇಲೆ ಕೇಳಿದ:

“ಈಗ ಕಾರಲ್ಲಿ ಯಾರು ಕೂರ್ತಾರೆ?”

“ಯಾರೂ ಇಲ್ಲ.”

“ಮತ್ತೆ ಓಡಿಸೋದು?”

“ನಾನೇ.”

“ನೀವು ಮನುಷ್ಯರಲ್ವಾ ಹಾಗಾದ್ರೆ?”

ನಗಬೇಕೆಂದು ಬಾಯಿ ತೆರೆದಳು, ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, “ಒಳ್ಳೇದನ್ನೇ ಹಾಕಿಬಿಡಿ,” ಎಂದಳು. ತಮ್ಮನಿಗೆ ಏನು ಹೇಳುವುದೆಂದು ಆಮೇಲೆ ಯೋಚಿಸಿದರಾಯಿತು.

ಹೊರಡುವಾಗ ಅವನು ಕಾರಿನ ಕಿಟಕಿಗೆ ಬಗ್ಗಿ, “ಐವತ್ತು ಕಿಲೋಮೀಟರ್ ಓಡಿದ ಮೇಲೆ ಒಂದ್ಸಲ ಬನ್ನಿ, ಚಕ್ರದ ನಟ್ಟು ಸಡಿಲ ಆಗಿದ್ಯಾ ನೋಡ್ಬೇಕು. ಮರೀಬೇಡಿ,” ಎಂದ. ಎಲ್ಲ ಗಿರಾಕಿಗಳಿಗೂ ಹೇಳುವ ಮಾತು ಅದು. ಅರ್ಧಕ್ಕರ್ಧ ಜನ ಆ ಕಡೆ ಸುಳಿಯುವುದೇ ಇಲ್ಲ.

ಆಫೀಸಿರುವ ದಿನಕ್ಕೆ ನಾಲ್ಕು ಕಿಲೋಮೀಟರಿನ ಲೆಕ್ಕದಲ್ಲಿ ಐವತ್ತಾಗಲು ಎರಡು ವಾರಕ್ಕೂ ಹೆಚ್ಚು ಬೇಕು. ಅವಳು ಮನೆಯ ಕಡೆ ತಿರುಗಲಿಲ್ಲ. ಊರನ್ನು ಬಳಸಿ ಹೋಗುವ ವರ್ತುಲ ರಸ್ತೆಗೆ ಕಾರು ಏರಿಸಿದಳು. ಒಂದು ಸುತ್ತಿಗೆ ಹದಿನೇಳು ಕಿಲೋಮೀಟರು. ಅದೇ ಪೆಟ್ರೋಲ್ ಬಂಕು, ಅದೇ ಶಾಲೆಯ ಉದ್ದ ಗೋಡೆ, ಅದೇ ಆಸ್ಪತ್ರೆಯ ತಿರುವು. ಆ ತಿರುವು ಬಂದಾಗಲೆಲ್ಲ ಕೈ ತಾನಾಗಿ ಇಂಡಿಕೇಟರ್ ಹಾಕುತ್ತಿತ್ತು, ಅವಳು ಆರಿಸಿ ಮುಂದೆ ಹೋಗುತ್ತಿದ್ದಳು. ಇದು ಹುಚ್ಚಾಟವೆಂದು ಅವಳಿಗೂ ಗೊತ್ತಿತ್ತು. ಆದರೆ ಈ ಎರಡು ತಿಂಗಳಲ್ಲಿ ಅವಳಿಗೆ ‘ಬನ್ನಿ’ ಎಂದವರು ಬೇರೆ ಯಾರೂ ಇರಲಿಲ್ಲ.

ಮೂರು ಸುತ್ತು ಮುಗಿಸಿ ಬಂದಾಗ ಅಂಗಡಿಯವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಗಾಬರಿಯಿಂದ ಎದ್ದ.

“ಏನಾಯ್ತು ಮೇಡಂ? ಟೈರಲ್ಲಿ ತೊಂದ್ರೆನಾ?”

“ಇಲ್ಲಣ್ಣ. ಐವತ್ತಾಯ್ತು.”

ಅವನು ಗೋಡೆಯ ಗಡಿಯಾರ ನೋಡಿದ, ಅವಳ ಮುಖ ನೋಡಿದ. ಡಬ್ಬಿ ಮುಚ್ಚಿಟ್ಟು, ನಾಲ್ಕೂ ಚಕ್ರಗಳ ಬಳಿ ಮಂಡಿಯೂರಿ, ಒಂದೊಂದೇ ನಟ್ಟಿಗೆ ಪಾನಾ ಹಾಕಿ ತಿರುಗಿಸಿ ನೋಡಿದ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವನ ಕೆಲಸ ಇನ್ನಷ್ಟು ಹೊತ್ತು ಹಿಡಿಯಲಿ ಎಂದು ಅವಳಿಗೆ ಎನಿಸುತ್ತಿತ್ತು.

“ಎಲ್ಲಾ ಭದ್ರವಾಗಿದೆ,” ಎಂದು ಅವನು ಎದ್ದು ಮಂಡಿ ಕೊಡವಿಕೊಂಡ. ಅವಳಿಗೆ ಧೈರ್ಯವಾಗಲಿ ಎಂದು ನಕ್ಕು, “ನಿಶ್ಚಿಂತೆಯಾಗಿರಿ ಮೇಡಂ. ಇನ್ನು ಐದು ವರ್ಷ ನೀವು ಈ ಕಡೆ ತಲೆ ಹಾಕೋದೇ ಬೇಡ,” ಎಂದ.

“ಆಯ್ತಣ್ಣ,” ಎಂದು ಅವಳು ಕಾರು ಹತ್ತಿ ಬಾಗಿಲು ಎಳೆದುಕೊಂಡಳು.